‘ಹೊಸ’ ಡಿಸ್ಕ್ ಹಾಕಿಸಿದ್ದೀರಾ? ಅದು ಎಷ್ಟು ಗಂಟೆ ಓಡಿದೆ ಎಂದು ಇಂದೇ ನೋಡಿ

ಮಾಟುಂಗಾದಲ್ಲಿ ನಮ್ಮದು ದಿನಸಿಯ ಸಗಟು ಅಂಗಡಿ. ಸುತ್ತಲಿನ ಉಡುಪಿ ಹೋಟೆಲುಗಳಿಗೆ ಹದಿನೈದು ದಿನದ ಉದ್ದರಿಯ ಮೇಲೆ ಅಕ್ಕಿ, ಬೇಳೆ, ಕಾಫಿ ಪುಡಿ ಕೊಡುತ್ತೇವೆ. ಲೆಕ್ಕವೆಲ್ಲ ಒಂದೇ ಸರ್ವರ್‌ನಲ್ಲಿದೆ, ಎಸ್‌ಕ್ಯೂಎಲ್ ಸರ್ವರ್ ಎಂಬ ಡೇಟಾಬೇಸ್ ತಂತ್ರಾಂಶದ ಫೈಲಿನಲ್ಲಿ. ಮಾರ್ಚ್, ಏಪ್ರಿಲ್, ಜುಲೈ, ಆಗಸ್ಟ್ ಎಂದು ನಾಲ್ಕು ಸಲ ಆ ಫೈಲ್ ಕೆಟ್ಟಿತು. ನಾಲ್ಕು ಸಲವೂ ಕಂಪ್ಯೂಟರ್ ರಿಪೇರಿಯ ಅದೇ ಮನುಷ್ಯನನ್ನು ಕರೆಸಿದೆ. ನಾಲ್ಕು ಸಲವೂ 6,500 ರೂಪಾಯಿ ಎಣಿಸಿ ಕೊಟ್ಟೆ.

ಪ್ರತಿ ಸಲ ಕಾಣಿಸಿಕೊಂಡದ್ದು 824 ಎಂಬ ದೋಷ. ಡಿಸ್ಕ್‌ನಿಂದ ಓದಿದ ಪುಟ, ಅಂದರೆ ಫೈಲಿನ ಒಂದು ತುಂಡು, ಸರಿಯಾಗಿಲ್ಲ ಎಂದು ಡೇಟಾಬೇಸ್ ತಾನಾಗಿಯೇ ಕೂಗಿ ಹೇಳುವುದು ಅದು. ಡಿಸ್ಕ್, ಕಂಟ್ರೋಲರ್, ಮೆಮೊರಿ ಇವುಗಳನ್ನು ಮೊದಲು ನೋಡಬೇಕು. ಇದೆಲ್ಲ ನನಗೆ ಈಗ ಗೊತ್ತಾಗಿದೆ. ಆಗ ಅವನು ಹೇಳಿದ್ದು, “ಮುಂಬೈ ಮಳೆ, ಕರೆಂಟ್ ಏರಿಳಿತ, ಏನು ಮಾಡುವುದು ಸೇಟ್?” ಏಪ್ರಿಲ್‌ನಲ್ಲಿ ಯಾವ ಮಳೆ ಎಂದು ನಾನು ಕೇಳಲಿಲ್ಲ. ಕೇಳಬೇಕಿತ್ತು.

ಹತ್ತು ನಿಮಿಷ ಕೀಲಿಮಣೆ ಕುಟ್ಟಿ “ಆಯಿತು” ಎಂದು ಎದ್ದು ಹೋಗುತ್ತಿದ್ದ. ಅವನು ಓಡಿಸುತ್ತಿದ್ದುದು ‘ರಿಪೇರ್ ಅಲೌ ಡೇಟಾ ಲಾಸ್’. ಮಾಹಿತಿ ಹೋದರೂ ಸರಿ, ಫೈಲ್ ತೆರೆದುಕೊಳ್ಳಲಿ ಎನ್ನುವುದು ಆ ಆಜ್ಞೆಯ ಹೆಸರಿನಲ್ಲೇ ಇದೆ! ಬ್ಯಾಕಪ್‌ನಿಂದ ಮರಳಿಸಲು ಬೇರೆ ದಾರಿಯೇ ಇಲ್ಲದಾಗ ಬಳಸಬೇಕಾದದ್ದು ಅದು. ಕೆಟ್ಟ ಪುಟವನ್ನು ಕಿತ್ತು ಬಿಸಾಡಿಬಿಡುತ್ತದೆ. ಒಂದು ಪುಟವೆಂದರೆ 8 ಕೆಬಿ, ಅದರೊಳಗೆ ನಮ್ಮ ಹತ್ತಾರು ಜಮಾ ನಮೂದುಗಳು.

ಜುಲೈನಲ್ಲಿ ಇಪ್ಪತ್ತು ವರ್ಷದ ಗಿರಾಕಿಯೊಬ್ಬರಿಗೆ ಫೋನ್ ಮಾಡಿ 42,000 ರೂಪಾಯಿ ಬಾಕಿ ಇದೆ ಎಂದೆ. ಅವರು ಮಾತು ಬೆಳೆಸಲಿಲ್ಲ. ಸಂಜೆ ಅಂಗಡಿಗೆ ಬಂದು, ಅಂಗಿಯ ಜೇಬಿನಿಂದ ನಾಲ್ಕು ಮಡಿಕೆಯ ರಸೀದಿ ತೆಗೆದು ಗಲ್ಲಾ ಮೇಜಿನ ಮೇಲೆ ಬಿಡಿಸಿಟ್ಟರು. ನನ್ನದೇ ಸಹಿ. ನನ್ನದೇ ಮೊಹರು. ನನಗೆ ತಲೆ ಎತ್ತಲಾಗಲಿಲ್ಲ.

ಆಗಸ್ಟ್ ಕೊನೆಗೆ ತಂಗಿಯ ಮಗಳು ಪುಣೆಯಿಂದ ಬಂದಿದ್ದಳು. ಡಿಸ್ಕಿನ ಸ್ಥಿತಿ ತೋರಿಸುವ ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ಉಚಿತ ತಂತ್ರಾಂಶ ಹಾಕಿ, “ಮಾವ, ಈ ಡಿಸ್ಕ್ ಯಾವಾಗ ಕೊಂಡಿರಿ?” ಎಂದಳು. ಫೆಬ್ರವರಿ ಕೊನೆಯಲ್ಲಿ, ಅದೇ ಮನುಷ್ಯನಿಂದ, ‘ಹೊಸ ಡಿಸ್ಕ್’ ಎಂದು ಬರೆದ ಬಿಲ್ಲಿನ ಮೇಲೆ. ಪರದೆಯಲ್ಲಿ ಹಳದಿ ಬಣ್ಣದ ಎಚ್ಚರಿಕೆ. ಡಿಸ್ಕ್ ಓಡಿದ ಗಂಟೆಗಳು: 31,204. ಆರು ತಿಂಗಳು ಹಗಲು ರಾತ್ರಿ ಓಡಿದರೂ ಸುಮಾರು 4,400 ಆಗುತ್ತದೆ, ಅಷ್ಟೇ. ನನಗೆ ಮಾರಿದಾಗಲೇ ಅದು ಮೂರು ವರ್ಷ ದುಡಿದು ಸವೆದಿತ್ತು. ಕೆಟ್ಟ ಡಿಸ್ಕ್ ಮಾರಿದವನೂ ಅವನೇ, ಅದರಿಂದ ಕೆಟ್ಟ ಫೈಲಿಗೆ ನಾಲ್ಕು ಸಲ ಕೂಲಿ ಪಡೆದವನೂ ಅವನೇ.

ಆ ಪರದೆಯ ಫೋಟೋ ಅವನಿಗೆ ಕಳುಹಿಸಿದೆ. ಮೊದಲ ಉತ್ತರ: “ಆ ತಂತ್ರಾಂಶ ತಪ್ಪು ತೋರಿಸುತ್ತದೆ.” ಎರಡನೆಯದು: “ಸರ್ವರ್ ಡಿಸ್ಕ್ ಹಾಗೆಯೇ ಬರುತ್ತದೆ, ಕಾರ್ಖಾನೆಯಲ್ಲಿ ಪರೀಕ್ಷಿಸಿರುತ್ತಾರೆ.” ಮೂರು ವರ್ಷ ಪರೀಕ್ಷಿಸುತ್ತಾರೆಯೇ? ಕೊನೆಯದು: “ಸೀಲ್ ಇರುವುದೇ ಬೇಕೆಂದು ನೀವು ಹೇಳಿರಲಿಲ್ಲ.” ಈ ಮಾತು ನೆನಪಾದರೆ ಈಗಲೂ ಮೈ ಉರಿಯುತ್ತದೆ.

ಡಿಸ್ಕ್ ಹಾಕಿದ ದಿನವೇ ಗಂಟೆಗಳನ್ನು ನಿಮ್ಮ ಕಣ್ಣೆದುರು ತೋರಿಸಲು ಹೇಳಿ, ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ರಿಪೇರಿಗೆ ಮುನ್ನ ಕೆಟ್ಟ ಫೈಲಿನ ಪ್ರತಿಯನ್ನು ಬೇರೆಡೆ ತೆಗೆದಿಡಿ. ಎಕ್ಸ್‌ಪ್ರೆಸ್ ಎಂಬ, ಎಸ್‌ಕ್ಯೂಎಲ್ ಸರ್ವರ್‌ನ ಉಚಿತ ಆವೃತ್ತಿ ಬಳಸುವವರೇ, ಅದರಲ್ಲಿ ಬ್ಯಾಕಪ್‌ಗೆ ವೇಳೆ ಗೊತ್ತುಮಾಡುವ ಏಜೆಂಟ್ ಇರುವುದಿಲ್ಲ. ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್‌ನಲ್ಲಿ ನೀವೇ ಹಾಕಿಸಬೇಕು. ನನಗೆ ಯಾರೂ ಹೇಳಿರಲಿಲ್ಲ.

ರಾತ್ರಿ ಅಂಗಡಿ ಮುಚ್ಚಿದ ಮೇಲೆ ರಸೀದಿ ಪುಸ್ತಕದ ಕಾರ್ಬನ್ ಪ್ರತಿ ನೋಡಿಕೊಂಡು ಒಂದೊಂದೇ ನಮೂದು ಏರಿಸುತ್ತಿದ್ದೇವೆ. ಏಪ್ರಿಲ್ ಇನ್ನೂ ಮುಗಿದಿಲ್ಲ. ಅವನು ಫೋನ್ ಎತ್ತುತ್ತಿಲ್ಲ.