ಕಡಲೊಳಗಿನ ವಿಡಿಯೊ: ಚೀಲ, ಆ್ಯಕ್ಷನ್ ಕ್ಯಾಮೆರಾ, ಗಟ್ಟಿ ಕವಚದ ಕ್ಯಾಮ್‌ಕಾರ್ಡರ್

ಗೋವಾದ ವಾಸ್ಕೊದ ನಮ್ಮ ಕನ್ನಡ ಗೆಳೆಯರಲ್ಲಿ ಸ್ಕೂಬಾ ಕಲಿತವರು ಹೆಚ್ಚುತ್ತಿದ್ದಂತೆ, ನೀರೊಳಗೆ ವಿಡಿಯೊ ತೆಗೆಯಲು ಏನು ಕೊಳ್ಳಬೇಕೆಂದು ಕೇಳುವವರೂ ಹೆಚ್ಚಿದ್ದಾರೆ. ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ಮೈಮೇಲೆ ನಿಜವಾದ ಗುಂಡಿಗಳಿರುವ ಹಳೆಯ ಎಚ್‌ಡಿ ಕ್ಯಾಮ್‌ಕಾರ್ಡರ್ ಒಂದನ್ನೂ, ಅದೇ ಮಾದರಿಗೆಂದು ತಯಾರಾದ, ನೀರು ಒಳಹೋಗದ ಗಟ್ಟಿ ಪಾಲಿಕಾರ್ಬೊನೇಟ್ ಕವಚವನ್ನೂ ಸೆಕೆಂಡ್ ಹ್ಯಾಂಡ್ ಆಗಿ ಕೊಳ್ಳಿ. ಮೃದು ಪ್ಲಾಸ್ಟಿಕ್ ಚೀಲ, ಆ್ಯಕ್ಷನ್ ಕ್ಯಾಮೆರಾ, ಗಟ್ಟಿ ಕವಚ ಈ ಮೂರನ್ನೂ ಗ್ರಾಂಡೆ ದ್ವೀಪದ ಸುತ್ತಲಿನ ಒಂದೇ ನೀರಿನಲ್ಲಿ ಬಳಸಿ ನೋಡಿದ ಮೇಲೆ ಬಂದ ಅಭಿಪ್ರಾಯವಿದು. ಚಿತ್ರದ ಗೆರೆಗಳ ಲೆಕ್ಕವನ್ನು ಇಲ್ಲಿ ಎತ್ತುವುದಿಲ್ಲ. ನಾಲ್ಕು ಮೀಟರಿನಾಚೆ ಏನೂ ಕಾಣದ ನೀರಿನಲ್ಲಿ 1080ಕ್ಕೂ 4ಕೆಗೂ ಇರುವ ವ್ಯತ್ಯಾಸ ಹೂಳಿನಲ್ಲೇ ಕಳೆದುಹೋಗುತ್ತದೆ.

ಗ್ರಾಂಡೆ ದ್ವೀಪ ಜುವಾರಿ ನದಿ ಕಡಲು ಸೇರುವ ಜಾಗದಿಂದ ಹೆಚ್ಚು ದೂರವಿಲ್ಲ. ನದಿ ತಂದು ಸುರಿಯುವ ಹೂಳಿಗೆ ಸಸ್ಯಪ್ಲವಕಗಳ ಹಸಿರೂ ಸೇರಿ, ಅಕ್ಟೋಬರ್‌ನಿಂದ ಮೇವರೆಗಿನ ಡೈವಿಂಗ್ ಋತುವಿನಲ್ಲಿಯೂ ನೋಟ ಬಹುತೇಕ 3ರಿಂದ 5 ಮೀಟರಿಗೆ ನಿಂತುಬಿಡುತ್ತದೆ. ಮುರುಡೇಶ್ವರದಾಚೆಯ ನೇತ್ರಾಣಿಯ ತಿಳಿನೀರನ್ನು ಕಂಡು ಬಂದವರು ಇಲ್ಲಿ ಮುಖ ಸಿಂಡರಿಸುವುದು ಸಹಜ. ನೀರು ಕೆಂಪು ಬೆಳಕನ್ನೇ ಮೊದಲು ಹೀರುತ್ತದೆ, 5 ಮೀಟರ್ ಇಳಿಯುವಷ್ಟರಲ್ಲಿ ಅದರ ಬಹುಪಾಲು ಹೋಗಿರುತ್ತದೆ ಎಂಬುದು ಡೈವಿಂಗ್ ಕಲಿತವರಿಗೆಲ್ಲ ಗೊತ್ತು. ಆದರೆ ಲೆಕ್ಕಕ್ಕೆ ಹಿಡಿಯಬೇಕಾದದ್ದು ಆಳವೊಂದನ್ನೇ ಅಲ್ಲ, ಮೀನಿನಿಂದ ಲೆನ್ಸಿಗಿರುವ ದೂರವನ್ನೂ ಅದಕ್ಕೆ ಕೂಡಿಸಬೇಕು: 8 ಮೀಟರ್ ಆಳದಲ್ಲಿ 2 ಮೀಟರ್ ದೂರದ ಮೀನನ್ನು ಚಿತ್ರಿಸಿದರೆ ಬೆಳಕು 10 ಮೀಟರ್ ನೀರನ್ನು ದಾಟಿ ಬಂದಿರುತ್ತದೆ. ಹಾಗಾಗಿ ಇಲ್ಲಿ ವಿಡಿಯೊ ತೆಗೆಯುವವನಿಗೆ ಎರಡು ಅನುಕೂಲಗಳು ಇರಲೇಬೇಕು. ವಸ್ತುವಿನ ತೀರ ಸಮೀಪಕ್ಕೆ ಹೋದರೂ ಫೋಕಸ್ ನಿಲ್ಲಬೇಕು; ಆಳ ಬದಲಾದಂತೆ ವೈಟ್ ಬ್ಯಾಲೆನ್ಸನ್ನು, ಎಂದರೆ ಬಿಳಿ ಬಿಳಿಯಾಗಿಯೇ ಕಾಣುವಂತೆ ಮಾಡುವ ಬಣ್ಣದ ಹೊಂದಿಕೆಯನ್ನು, ನೀರೊಳಗೇ ಮತ್ತೆ ಹೊಂದಿಸಲು ಬರಬೇಕು.

ಚೀಲ ಎಲ್ಲಕ್ಕಿಂತ ಅಗ್ಗ. ಮುಂದೆ ಗಾಜು, ಬಾಯಿಗೆ ಬಿಗಿಯುವ ಪಟ್ಟಿ, ಒಳಗೆ ಬೆರಳು ತೂರಿಸಲು ಒಂದು ಕೈಗವಸು, ಇಷ್ಟೇ ಅದರ ರಚನೆ. ನಾನು ಬಳಸಿದ ಚೀಲದ ಮೇಲೆ 10 ಮೀಟರಿನವರೆಗೆ ಎಂದು ಬರೆದಿತ್ತು, ಅದರೊಳಗೆ ಒಂದು ಹನಿ ನೀರೂ ಹೋಗಲಿಲ್ಲ. ತೊಂದರೆ ಬಂದದ್ದು ಸೋರಿಕೆಯಿಂದಲ್ಲ, ಒತ್ತಡದಿಂದ. 10 ಮೀಟರಿನಲ್ಲಿ ಒತ್ತಡ ಮೇಲ್ಮೈಯದ್ದಕ್ಕಿಂತ ಎರಡು ಪಟ್ಟಾಗಿ ಒಳಗಿನ ಗಾಳಿಯ ಗಾತ್ರ ಅರ್ಧಕ್ಕೆ ಇಳಿಯುತ್ತದೆ, ಚೀಲ ಕ್ಯಾಮೆರಾದ ಮೈಗೆ ಅಂಟಿಕೊಳ್ಳುತ್ತದೆ. ನನ್ನ ಆಗಿನ ಕ್ಯಾಮ್‌ಕಾರ್ಡರಿನದು ಬೆರಳಿನ ಒತ್ತಡಕ್ಕೆ ಸ್ಪಂದಿಸುವ ಪರದೆ. ಚೀಲದ ಪ್ಲಾಸ್ಟಿಕ್ಕನ್ನೂ ಅದು ಬೆರಳೆಂದೇ ತಿಳಿಯಿತು. ಆರೇಳು ಮೀಟರ್ ದಾಟಿದೊಡನೆ ಮೆನು ತಾನಾಗಿ ತೆರೆದುಕೊಂಡು, ವಿಡಿಯೊ ಸ್ಥಿತಿಯಿಂದ ಫೋಟೊ ಸ್ಥಿತಿಗೆ ಜಾರಿ, ರೆಕಾರ್ಡಿಂಗ್ ನಿಂತುಹೋಗುತ್ತಿತ್ತು. ಪರದೆಯನ್ನು ಮಡಚಿಟ್ಟರೆ ಈ ಕಾಟವಿಲ್ಲ, ಆದರೆ ಏನನ್ನು ಚಿತ್ರಿಸುತ್ತಿದ್ದೇವೆಂಬುದೂ ಕಾಣುವುದಿಲ್ಲ. ಈಜುಕೊಳಕ್ಕೆ, ಸ್ನಾರ್ಕೆಲಿಂಗಿಗೆ ಚೀಲ ಸಾಕು.

ಇದನ್ನು ಕಂಡು ಅದೇ ಕ್ಯಾಮ್‌ಕಾರ್ಡರಿಗೆ ಗಟ್ಟಿ ಕವಚ ಹಾಕಿದಾಗ ಸ್ಪರ್ಶಪರದೆಯ ಇನ್ನೊಂದು ಮುಖ ಎದುರಾಯಿತು. ನೀರೊಳಗಿನ ವಿಡಿಯೊಗೆ ಹೊಸದಾಗಿ ಕೈಹಾಕುವವರು ಉಳಿದೆಲ್ಲಕ್ಕಿಂತ ಮೊದಲು ತಿಳಿಯಬೇಕಾದ ಸಂಗತಿ ಇದೇ ಆಗಿರುವುದರಿಂದ ತುಸು ವಿವರವಾಗಿ ಬರೆಯುತ್ತೇನೆ. ಮನೆಬಳಕೆಯ ಕ್ಯಾಮ್‌ಕಾರ್ಡರುಗಳು ವರ್ಷದಿಂದ ವರ್ಷಕ್ಕೆ ಚಿಕ್ಕದಾಗುತ್ತ ಬಂದಂತೆ ಮೈಮೇಲಿನ ಗುಂಡಿಗಳೆಲ್ಲ ಪರದೆಯೊಳಗೆ ಸೇರಿಕೊಂಡವು. ವೈಟ್ ಬ್ಯಾಲೆನ್ಸ್ ಬೇಕಾದರೆ ಮೆನು ತೆರೆದು, ಪುಟ ಸರಿಸಿ, ಸಣ್ಣ ಚಿತ್ರವೊಂದನ್ನು ಮುಟ್ಟಬೇಕು. ನೆಲದ ಮೇಲೆ ಇದರಿಂದ ಯಾವ ಕಷ್ಟವೂ ಇಲ್ಲ. ಕವಚ ಮುಚ್ಚಿದ ಮೇಲೆ ಆ ಚಿತ್ರವನ್ನು ಮುಟ್ಟುವ ಬೆರಳು ಒಳಗಿರುವುದಿಲ್ಲ. ಹೊರಗಿನಿಂದ ಒಳಕ್ಕೆ ಹೋಗುವ ಕಡ್ಡಿಗಳು ತಲುಪುವುದು ಆನ್-ಆಫ್, ರೆಕಾರ್ಡ್ ಮತ್ತು ಜೂಮ್ ಈ ಮೂರಕ್ಕೆ ಮಾತ್ರ. ಕಡ್ಡಿಗಳ ಬದಲು ತಂತಿಯ ಮೂಲಕ ಕ್ಯಾಮೆರಾವನ್ನು ನಡೆಸುವ ಕವಚಗಳಲ್ಲಿಯೂ ಸಾಮಾನ್ಯವಾಗಿ ಸಿಗುವುದು ಇಷ್ಟೇ ಕೆಲಸಗಳು.

ಹೀಗಿರುವಾಗ ಉಳಿಯುವ ಒಂದು ದಾರಿ ಬಣ್ಣವನ್ನು ಆಟೊಗೆ ಬಿಡುವುದು. ಮೂರು ನಾಲ್ಕು ಮೀಟರಿನವರೆಗೆ ಅದು ಹೇಗೋ ನಿಭಾಯಿಸುತ್ತದೆ. ಅದಕ್ಕಿಂತ ಕೆಳಗೆ ಮರಳಿನಿಂದ ಜೊತೆಗಾರನ ಹಳದಿ ಸಿಲಿಂಡರಿನ ಕಡೆಗೆ ಕ್ಯಾಮೆರಾ ತಿರುಗಿಸಿದರೆ ಒಂದೇ ದೃಶ್ಯದ ನಡುವೆ ನೀರಿನ ಬಣ್ಣ ಎರಡು ಬಾರಿ ಬದಲಾಗುತ್ತದೆ. ದೋಣಿಯಲ್ಲಿ ಕುಳಿತಾಗಲೇ ತೆಳುನೀಲಿ ಹಸಿರಿನ ಕಾರ್ಡೊಂದನ್ನು ತೋರಿಸಿ, ಇದೇ ಬಿಳಿ ಎಂದು ಕ್ಯಾಮೆರಾವನ್ನು ನಂಬಿಸಿ ಇಳಿಯುವುದು ಇನ್ನೊಂದು ಉಪಾಯ. ಅದೂ ಒಂದೇ ಆಳಕ್ಕೆ ಸೀಮಿತ: 6 ಮೀಟರಿನಲ್ಲಿ ಚೆನ್ನಾಗಿ ಕಂಡ ಅದೇ ಹೊಂದಿಕೆ 3 ಮೀಟರಿನಲ್ಲಿ ಜನರ ಮುಖವನ್ನು ಇಟ್ಟಿಗೆಯ ಬಣ್ಣಕ್ಕೆ ತಿರುಗಿಸಿತು, 12 ಮೀಟರಿನಲ್ಲಿ ಹಸಿರನ್ನು ಹಾಗೆಯೇ ಉಳಿಸಿತು. ಫಿಲ್ಟರ್ ಹಾಕಬಹುದಲ್ಲ ಎನ್ನುವವರಿಗೆ ಎರಡು ಮಾತು. ಅಂಗಡಿಗಳಲ್ಲಿ ಸುಲಭವಾಗಿ ಸಿಗುವ ಕೆಂಪು ಫಿಲ್ಟರ್ ನೀಲಿ ನೀರಿಗೆ ಮಾಡಿದ್ದು, ನಮ್ಮ ಹಸಿರು ನೀರಿಗೆ ಬೇಕಾದದ್ದು ಮೆಜೆಂಟಾ. ಯಾವ ಬಣ್ಣದ್ದಾದರೂ ಅದು ಬೆಳಕನ್ನು ತಿನ್ನುತ್ತದೆ, ಮೊದಲೇ ಮಂದವಾದ ನೀರಿನಲ್ಲಿ ಈ ಕ್ಯಾಮೆರಾಗಳ ಪುಟ್ಟ ಸೆನ್ಸರ್ ಚಿತ್ರದ ತುಂಬ ಕಾಳು ಕಾಳಾಗಿ ತೋರಿಸುತ್ತದೆ.

ಈಗ ನಾನು ಬಳಸುತ್ತಿರುವ ಕ್ಯಾಮ್‌ಕಾರ್ಡರ್ ಆ ಸ್ಪರ್ಶಪರದೆಯದಕ್ಕಿಂತ ಹಳೆಯದು, ದಪ್ಪನೆಯದು. ಅದರ ಮೈಮೇಲೆಯೇ ವೈಟ್ ಬ್ಯಾಲೆನ್ಸಿನ ಗುಂಡಿಯಿದೆ, ಲೆನ್ಸಿನ ಪಕ್ಕದಲ್ಲಿ ಫೋಕಸಿನ ಡಯಲ್ ಇದೆ. ಕವಚದ ಒಂದು ಕಡ್ಡಿ ಆ ಗುಂಡಿಯನ್ನು ಒತ್ತುತ್ತದೆ, ಹೊರಗಿನ ತಿರುಪು ಒಳಗಿನ ರಬ್ಬರ್ ಚಕ್ರದ ಮೂಲಕ ಡಯಲನ್ನು ತಿರುಗಿಸುತ್ತದೆ. ಸನ್ನೆ ಸಾಲದಾದಾಗ ಬರೆದು ತೋರಿಸಲು ಡೈವರುಗಳು ಒಯ್ಯುವ ಬಿಳಿ ಸ್ಲೇಟನ್ನು ಲೆನ್ಸಿನ ಮುಂದೆ ಹಿಡಿದು ಗುಂಡಿ ಒತ್ತಿದರೆ ಬಣ್ಣ ಮರಳುತ್ತದೆ, ಮೂರು ಮೀಟರ್ ಏರಿದಾಗಲೋ ಇಳಿದಾಗಲೋ ಮತ್ತೊಮ್ಮೆ ಒತ್ತಿದರಾಯಿತು. 15 ಮೀಟರಿನ ಆಸುಪಾಸಿನಲ್ಲಿ ಮರಳಿಸಲು ಕೆಂಪೇ ಉಳಿದಿರುವುದಿಲ್ಲವಾದ್ದರಿಂದ ಅಲ್ಲಿ ಟಾರ್ಚ್ ಬೇಕು. ಟಾರ್ಚ್ ಹಚ್ಚಿದಾಗ ಸ್ಲೇಟಿನ ಹೊಂದಿಕೆಯನ್ನು ಬಿಟ್ಟು ಹಗಲು ಬೆಳಕಿನ ಹೊಂದಿಕೆಗೆ ಮರಳಬೇಕು, ಇಲ್ಲವಾದರೆ ಬೆಳಕು ಬಿದ್ದ ಬಂಡೆಯೆಲ್ಲ ಕುಂಕುಮ ಚೆಲ್ಲಿದಂತೆ ಕಾಣುತ್ತದೆ. ಟಾರ್ಚು ಲೆನ್ಸಿನಿಂದ ದೂರ, ಉದ್ದನೆಯ ತೋಳಿನ ತುದಿಯಲ್ಲಿರಲಿ. ಹತ್ತಿರವಿದ್ದರೆ ಹೂಳಿನ ಕಣಗಳೇ ಬೆಳಗುತ್ತವೆ. ಈ ನೀರಿನಲ್ಲಿ ಆಟೊಫೋಕಸ್ ಕಣಗಳ ಹಿಂದೆ ಅಲೆಯುತ್ತದೆ, ಡಯಲ್ ಇರುವುದರಿಂದ ಅದನ್ನು ನಿಲ್ಲಿಸಲು ಸಾಧ್ಯ.

ಆ್ಯಕ್ಷನ್ ಕ್ಯಾಮೆರಾದ ಬಗ್ಗೆ ನನಗೆ ತಕರಾರಿಲ್ಲ, ಪ್ರೀತಿಯೂ ಇಲ್ಲ. ಗೋಪ್ರೊ ಹೀರೊ5 2016ರಲ್ಲಿ ಬಂದಾಗಿನಿಂದ ಕವಚವಿಲ್ಲದೆಯೇ 10 ಮೀಟರ್ ಇಳಿಸಬಹುದಾದ, ಕವಚದೊಡನೆ 60 ಮೀಟರ್ ತಾಳುವ ಕ್ಯಾಮೆರಾ ಅಂಗೈಯಲ್ಲಿ ಹಿಡಿಸುತ್ತದೆ. ಅದರ ಅಗಲ ನೋಟದಿಂದಾಗಿ ಇಲ್ಲಿ ಮುಳುಗಿರುವ ಹಡಗಾದ ಸೂಜೀಸ್ ರೆಕ್‌ನ ಕಬ್ಬಿಣದ ಹಲಗೆಗಳನ್ನಾಗಲಿ ಜೊತೆಗಾರನನ್ನಾಗಲಿ ತೀರ ಹತ್ತಿರದಿಂದ ಚಿತ್ರಿಸಿದರೂ ಪೂರ್ತಿ ಚೌಕಟ್ಟಿನಲ್ಲಿ ಬರುತ್ತವೆ, ಮಸುಕು ನೀರಿನಲ್ಲಿ ಇದು ಸಣ್ಣ ಲಾಭವಲ್ಲ. ಕ್ಯಾಮ್‌ಕಾರ್ಡರಿನದು ಇದಕ್ಕೆ ತದ್ವಿರುದ್ಧ: ಕವಚದ ಚಪ್ಪಟೆ ಗಾಜಿನ ಹಿಂದೆ ವಸ್ತುಗಳೆಲ್ಲ ಮೂರನೆಯ ಒಂದು ಭಾಗದಷ್ಟು ದೊಡ್ಡದಾಗಿ ಕಂಡು ನೋಟ ಕಿರಿದಾಗುತ್ತದೆ. ಆದರೆ ಆ್ಯಕ್ಷನ್ ಕ್ಯಾಮೆರಾದ ಫೋಕಸ್ ಸ್ಥಿರವಾದದ್ದು, ಸುಮಾರು 30 ಸೆಂಟಿಮೀಟರಿಗಿಂತ ಹತ್ತಿರದ್ದು ಮಸುಕಾಗುತ್ತದೆ. ನನಗೆ ಬೇಕಾದವೆಲ್ಲ ಆ ದೂರದೊಳಗೇ ಇವೆ: ಬೆರಳುದ್ದದ, ಚಿಪ್ಪಿಲ್ಲದ ಕಡಲ ಬಸವನಹುಳುಗಳಾದ ನ್ಯೂಡಿಬ್ರಾಂಚ್‌ಗಳು, ಬಂಡೆಯ ಬಿರುಕಿನಲ್ಲಿ ಕುಳಿತ ಏಡಿಗಳು. ತೀರ ಹತ್ತಿರದ್ದನ್ನು ತೋರಿಸುವ ಮ್ಯಾಕ್ರೊ ಲೆನ್ಸ್ ಸಿಕ್ಕಿಸಬಹುದು, ಸಿಕ್ಕಿಸಿದರೆ ದೂರದ್ದು ಕಾಣುವುದಿಲ್ಲ. ಕ್ಯಾಮ್‌ಕಾರ್ಡರ್ ಜೂಮನ್ನು ಪೂರ್ತಿ ಅಗಲಕ್ಕಿಟ್ಟಾಗ ಗಾಜಿಗೆ ತಾಗುವಷ್ಟು ಹತ್ತಿರದ ಹುಳುವನ್ನೂ ಹಿಡಿಯುತ್ತದೆ. ಹಗುರ ಕ್ಯಾಮೆರಾ ಅಲೆಯೊಡನೆ ತಾನೂ ಓಲಾಡುತ್ತದೆ. ಎರಡು ಹಿಡಿಗಳ ಭಾರದ ಕವಚ ಓಲಾಡುವುದಿಲ್ಲ.

ಬಣ್ಣವನ್ನು ಆಮೇಲೆ ಕಂಪ್ಯೂಟರಿನಲ್ಲಿ ಸರಿಪಡಿಸಿಕೊಳ್ಳಲು ಆ್ಯಕ್ಷನ್ ಕ್ಯಾಮೆರಾ ಒಳ್ಳೆಯ ಅವಕಾಶ ಕೊಡುತ್ತದೆ, ತಾಳ್ಮೆಯಿರುವವರು ಅದರಲ್ಲಿ ಸೊಗಸಾದ ಕೆಲಸ ಮಾಡುತ್ತಾರೆ. ಭಾನುವಾರ ಸಂಜೆ ಮನೆಗೆ ಬಂದು, ಸ್ನಾನ ಮಾಡಿ, ಬೆಳಗಾವಿಯಿಂದ ಬಂದ ನೆಂಟರಿಗೆ ಟಿವಿಯಲ್ಲಿ ವಿಡಿಯೊ ತೋರಿಸುವುದು ನನ್ನ ರೂಢಿ, ಸೋಮವಾರ ಕೆಲಸವಿದೆ. ಹಳೆಯ ಕ್ಯಾಮ್‌ಕಾರ್ಡರುಗಳ ಎವಿಸಿಎಚ್‌ಡಿ ಎಂಬ ಬಗೆಯ ವಿಡಿಯೊ ಕಡತಗಳು ಕಂಪ್ಯೂಟರಿನಲ್ಲಿ ಓಡುವ ಮೀನಿನ ಅಂಚಿಗೆ ಬಾಚಣಿಗೆಯ ಗೆರೆ ಮೂಡಿಸುತ್ತವೆ ಎಂಬ ದೂರು ನಿಜ, ಟಿವಿಯಲ್ಲಿ ಅದು ಕಾಣಿಸುವುದಿಲ್ಲ.

ಕವಚದ ಗಾಜಿಗೆ ಒಳಗಿನಿಂದ ಮಂಜು ಕಟ್ಟುವುದನ್ನು ತಡೆಯಲು ಮನೆಯಲ್ಲೇ, ಎಸಿ ಓಡುತ್ತಿರುವ ಒಣ ಕೋಣೆಯಲ್ಲಿ, ಸಿಲಿಕಾ ಜೆಲ್ ಪೊಟ್ಟಣ ಇಟ್ಟು ಮುಚ್ಚಿ. ಬೈನಾದ ದಡದಲ್ಲಾಗಲಿ ದೋಣಿಯಲ್ಲಾಗಲಿ ತೆರೆಯದಿರುವಂತೆ ದೊಡ್ಡ ಬ್ಯಾಟರಿ, ದೊಡ್ಡ ಕಾರ್ಡ್ ಹಾಕಿ. ಒದ್ದೆ ಕೈಯಿಂದ ಒಳಗೆ ಬಿದ್ದ ಒಂದು ಹನಿ ಕ್ಯಾಮೆರಾದ ಕಾವಿಗೆ ಆವಿಯಾಗಿ ತಣ್ಣಗಿನ ಗಾಜಿನ ಮೇಲೆ ಕೂರುತ್ತದೆ.

ಖರ್ಚಿನ ಮಾತಿಗೆ ಬಂದರೆ ನನ್ನ ಮಿತಿ ಒಟ್ಟು 30,000 ರೂಪಾಯಿ. ಹಳೆಯ ಕ್ಯಾಮ್‌ಕಾರ್ಡರ್ ಮತ್ತು ಕವಚ ಅದರೊಳಗೆ ಬಂದವು, ಟಾರ್ಚಿಗೂ ಉಳಿಯಿತು. ವರ್ಷಕ್ಕೊಮ್ಮೆ ಇಳಿಯುವವರು, ಅಂಡಮಾನಿನಂಥ ತಿಳಿನೀರಿಗೆ ಹೋಗುವವರು, ಸಾಮಾನು ಹೊರಲಾರದವರು ಆ್ಯಕ್ಷನ್ ಕ್ಯಾಮೆರಾವನ್ನೇ ಕೊಳ್ಳಲಿ. ಗಟ್ಟಿ ಕವಚಕ್ಕೆ ಮನಸ್ಸು ಮಾಡಿದವರು ಮಾತ್ರ ಕ್ಯಾಮೆರಾವನ್ನು ಮೊದಲು ಕೊಂಡು ಆಮೇಲೆ ಕವಚ ಹುಡುಕಬಾರದು. ಕವಚ ಮೊದಲು, ಅದಕ್ಕೆ ಹೊಂದುವ ಮಾದರಿ ಆಮೇಲೆ. ಮಾರುವವರ ಎದುರಿನಲ್ಲೇ ಪ್ರತಿಯೊಂದು ಕಡ್ಡಿಯನ್ನೂ ಒತ್ತಿ ನೋಡಿ, ನೀರು ಒಳಬಾರದಂತೆ ತಡೆಯುವ ರಬ್ಬರ್ ಬಳೆಯಾದ ಓ-ರಿಂಗಿನ ಅಳತೆ ಕೇಳಿ ಬರೆದುಕೊಳ್ಳಿ, ಬಿಡಿ ಓ-ರಿಂಗ್ ಸಿಗದ ಕವಚವನ್ನು ಎಷ್ಟೇ ಅಗ್ಗವಾದರೂ ಬಿಟ್ಟುಬಿಡಿ. ಮೊದಲ ಸಲ ಕ್ಯಾಮೆರಾ ಇಲ್ಲದೆ, ಒಳಗೆ ಒಂದು ಟಿಶ್ಯೂ ಕಾಗದವಿಟ್ಟು, ಇಳಿಯುವ ಆಳದವರೆಗೂ ಒಯ್ದು ಬನ್ನಿ. ಕಾಗದ ಒಣಗಿದ್ದರೆ ಮುಂದಿನ ಸಲ ಕ್ಯಾಮೆರಾ ಇಡಬಹುದು.