ಟಿಕೆಟ್ಟೂ ಪ್ರಾಜೆಕ್ಟೂ ಒಂದೇ ಕಡೆ: ರೆಡ್‌ಮೈನ್ ಬಳಸಿ ಕೆಲವು ವರ್ಷಗಳಾದ ಮೇಲೆ

ಐಟಿ ವಿಭಾಗದ ಕೆಲಸ ಯಾವತ್ತೂ ಒಂದೇ ಬಗೆಯದ್ದಲ್ಲ. ಹಳೆಯ ಸರ್ವರ್‌ನಿಂದ ಹೊಸದಕ್ಕೆ ಡೇಟಾ ಸಾಗಿಸುವ ಪ್ರಾಜೆಕ್ಟ್ ನಡೆಯುತ್ತಿರುತ್ತದೆ. ಪ್ಯಾಚ್ (ಸಾಫ್ಟ್‌ವೇರ್ ದೋಷ ಸರಿಪಡಿಸುವ ಅಪ್‌ಡೇಟ್) ಹಾಕಬೇಕು, ಬ್ಯಾಕಪ್ ಸರಿಯಿದೆಯೇ ನೋಡಬೇಕು. ನಡುವೆ ಯಾರದೋ ಲಾಗಿನ್ ಆಗುವುದಿಲ್ಲ. ಇದನ್ನೆಲ್ಲ ಮಾಡುವವರು ಅದೇ ನಾಲ್ಕೈದು ಜನ, ಅಲ್ವಾ? ಪ್ರಾಜೆಕ್ಟ್ ಒಂದು ಕಡೆ, ಟಿಕೆಟ್ (ಇಂಥ ದೂರು, ಸಹಾಯದ ಕೋರಿಕೆಗಳ ದಾಖಲೆ) ಇನ್ನೊಂದು ಕಡೆ ಇದ್ದರೆ, ಯಾರ ಮೇಲೆ ಒಟ್ಟು ಎಷ್ಟು ಕೆಲಸ ಬಿದ್ದಿದೆ ಅಂತ ಯಾರಿಗೂ ಕಾಣಿಸುವುದಿಲ್ಲ. ನಾವು ರೆಡ್‌ಮೈನ್ ಆರಿಸಿಕೊಂಡದ್ದು ಅದಕ್ಕೇ.

ಇದು ಪ್ರಾಜೆಕ್ಟ್, ಟಿಕೆಟ್‌ಗಳ ಲೆಕ್ಕ ಇಡುವ, 2006ರಿಂದ ಇರುವ ಓಪನ್ ಸೋರ್ಸ್ ಸಾಫ್ಟ್‌ವೇರ್. ಲೈಸೆನ್ಸ್ ಶುಲ್ಕವಿಲ್ಲ, ನಮ್ಮದೇ ಸರ್ವರ್‌ನಲ್ಲಿ ಹಾಕಿಕೊಳ್ಳಬಹುದು. ನೋಡಲು ಹಳೆಯ ಕಾಲದ್ದು ಅನಿಸುತ್ತದೆ, ಆದರೆ ಕೆಲಸಕ್ಕೆ ಅಡ್ಡ ಬಂದಿಲ್ಲ.

ಇಲ್ಲಿ ಪ್ರತಿ ಕೆಲಸವೂ ಒಂದು ಇಶ್ಯೂ. ಅದು ಯಾವ ಬಗೆಯದ್ದು ಅಂತ ಹೇಳುವುದು ಟ್ರ್ಯಾಕರ್. ನಾವು ಪ್ರಾಜೆಕ್ಟ್, ನಿರ್ವಹಣೆ, ಸಪೋರ್ಟ್ ಅಂತ ಮೂರು ಟ್ರ್ಯಾಕರ್ ಮಾಡಿಕೊಂಡಿದ್ದೇವೆ. ಒಂದೊಂದಕ್ಕೂ ಬೇರೆ ಬೇರೆ ವರ್ಕ್‌ಫ್ಲೋ, ಅಂದರೆ ಕೆಲಸ ಸಾಗಬೇಕಾದ ಹಂತಗಳು, ಇಡಬಹುದು. ಪಾಸ್‌ವರ್ಡ್ ಟಿಕೆಟ್ ಎರಡು ಹೆಜ್ಜೆಯಲ್ಲಿ ಮುಗಿಯುತ್ತದೆ, ಸರ್ವರ್ ಬದಲಾವಣೆ ಮಾತ್ರ ಒಪ್ಪಿಗೆ ಸಿಗದೆ ಮುಂದೆ ಹೋಗುವುದಿಲ್ಲ. ಸಪೋರ್ಟ್ ವಿಳಾಸಕ್ಕೆ ಬಂದ ಇಮೇಲ್ ತಾನಾಗಿಯೇ ಇಶ್ಯೂ ಆಗುವಂತೆಯೂ ಮಾಡಬಹುದು.

ನನಗೆ ಎಲ್ಲಕ್ಕಿಂತ ಜಾಸ್ತಿ ಉಪಯೋಗವಾದದ್ದು ಸಮಯದ ದಾಖಲೆ. ಯಾವ ಇಶ್ಯೂಗೆ ಎಷ್ಟು ಗಂಟೆ ಹೋಯಿತು ಅಂತ ಬರೆದಿಟ್ಟರೆ, ವ್ಯಕ್ತಿ, ಟ್ರ್ಯಾಕರ್, ವಾರದ ಪ್ರಕಾರ ವರದಿ ಸಿಗುತ್ತದೆ. ಶುರುವಿನಲ್ಲಿ ತಂಡದವರಿಗೆ ಇದು ತಮ್ಮ ಮೇಲೆ ಕಣ್ಣಿಡಲು ಅನಿಸಿತ್ತು. ನಿಮಿಷದ ಲೆಕ್ಕ ಬೇಡ, ಅರ್ಧ ಗಂಟೆಯ ಅಂದಾಜು ಸಾಕು ಅಂದ ಮೇಲೆ ಒಪ್ಪಿದರು. ಈಗ ಪ್ರಾಜೆಕ್ಟ್ ಯೋಜನೆಗೆ ನಿಜವಾಗಿ ಉಳಿಯುವ ಗಂಟೆಗಳನ್ನಷ್ಟೇ ಹಾಕುತ್ತೇವೆ. 40 ಗಂಟೆಯ ವಾರದಲ್ಲಿ 15 ಗಂಟೆ ಟಿಕೆಟ್‌ಗೆ ಹೋಗುವವರಿಗೆ, 100 ಗಂಟೆಯ ಕೆಲಸ ಎರಡೂವರೆ ವಾರದ್ದಲ್ಲ, ನಾಲ್ಕು ವಾರದ್ದು. ಮೇಲಿನವರು ಬೇಗ ಮುಗಿಸಿ ಅಂದಾಗ ಈ ವರದಿ ಮುಂದಿಟ್ಟರೆ ಸಾಕು. ಯಾವ ಕೆಲಸ ಮುಂದಕ್ಕೆ ಹಾಕೋಣ ಅಂತ ಅವರೇ ಕೇಳುತ್ತಾರೆ.

ಯಾವ ಕೆಲಸ ಯಾವಾಗಿನಿಂದ ಯಾವಾಗಿನವರೆಗೆ ಅಂತ ಪಟ್ಟಿಗಳಲ್ಲಿ ತೋರಿಸುವ ಗ್ಯಾಂಟ್ ಚಾರ್ಟ್ ಇದೆ. ಒಂದು ಕೆಲಸ ಮುಗಿದ ಮೇಲೇ ಇನ್ನೊಂದು ಅಂತ ಜೋಡಿಸಿದ್ದರೆ, ಮೊದಲನೆಯದು ತಡವಾದಾಗ ಎರಡನೆಯದರ ದಿನಾಂಕವೂ ಮುಂದೆ ಹೋಗುತ್ತದೆ. ಆದರೆ ಒಬ್ಬರಿಗೇ ಒಂದೇ ವಾರ ಮೂರು ದೊಡ್ಡ ಕೆಲಸ ಕೊಟ್ಟರೂ ಅದು ಎಚ್ಚರಿಸುವುದಿಲ್ಲ. ಯಾರು ರಜೆಯಲ್ಲಿದ್ದಾರೆ ಅನ್ನುವುದೂ ಅದಕ್ಕೆ ಗೊತ್ತಿಲ್ಲ. ಮಿಶ್ರ ಕೆಲಸದ ತಂಡಕ್ಕೆ ಇದು ದೊಡ್ಡ ಕೊರತೆಯೇ. ಅದಕ್ಕಾಗಿ ಎಲ್ಲ ಪ್ರಾಜೆಕ್ಟ್‌ಗಳ ಬಾಕಿ ಇಶ್ಯೂಗಳನ್ನು ವ್ಯಕ್ತಿವಾರು ಗುಂಪು ಮಾಡಿ, ಅಂದಾಜು ಗಂಟೆಗಳ ಮೊತ್ತ ತೋರಿಸುವ ಒಂದು ಕ್ವೆರಿ (ಬೇಕಾದ ಇಶ್ಯೂಗಳನ್ನು ಹುಡುಕಿ ಕೊಡುವ ಪಟ್ಟಿ) ಸೇವ್ ಮಾಡಿದ್ದೇವೆ. ವಾರದ ಮೊದಲ ಮೀಟಿಂಗ್‌ನಲ್ಲಿ ಅದನ್ನೇ ತೆರೆದು ಕೆಲಸ ಹಂಚಿಕೊಳ್ಳುತ್ತೇವೆ.

ಕೆಲಸಗಳನ್ನು ಹಂತವಾರು ಕಾಲಂಗಳಲ್ಲಿ ತೋರಿಸುವ ಕಾನ್‌ಬಾನ್ ಬೋರ್ಡ್ ಬೇಕಾದರೆ ಪ್ಲಗಿನ್ (ಹೆಚ್ಚುವರಿಯಾಗಿ ಸೇರಿಸುವ ಸಾಫ್ಟ್‌ವೇರ್) ಹಾಕಬೇಕು. ರೆಡ್‌ಮೈನ್ ಕಟ್ಟಿರುವುದು ರೂಬಿ ಆನ್ ರೈಲ್ಸ್ ಅನ್ನುವ ವೆಬ್ ಚೌಕಟ್ಟಿನ ಮೇಲೆ. ದೊಡ್ಡ ಅಪ್‌ಗ್ರೇಡ್‌ನಲ್ಲಿ ರೈಲ್ಸ್ ಆವೃತ್ತಿಯೂ ಬದಲಾದರೆ ಹಳೆಯ ಪ್ಲಗಿನ್‌ಗಳು ಕೈಕೊಡಬಹುದು. ಹಾಗಾಗಿ ಮೊದಲು ಪರೀಕ್ಷಾ ಸರ್ವರ್‌ನಲ್ಲಿ ಹಾಕಿ ನೋಡಿ.

ಸಣ್ಣ ತಂಡ, ಸರ್ವರ್ ನೋಡಿಕೊಳ್ಳಲು ಒಬ್ಬರು ಇದ್ದಾರೆ ಅಂದರೆ ಧೈರ್ಯವಾಗಿ ಬಳಸಿ. ಹತ್ತಾರು ಜನರ ಕೆಲಸವನ್ನು ಸಾಫ್ಟ್‌ವೇರೇ ಸರಿದೂಗಿಸಬೇಕು ಅನ್ನುವವರು ಮೈಕ್ರೋಸಾಫ್ಟ್ ಪ್ರಾಜೆಕ್ಟ್‌ನಂತೆ ರಿಸೋರ್ಸ್ ಲೆವೆಲಿಂಗ್ (ಒಬ್ಬರ ಮೇಲೆ ಹೆಚ್ಚು ಕೆಲಸ ಬಿದ್ದರೆ ದಿನಾಂಕ ಸರಿಸಿ ಹೊಂದಿಸುವ ಸೌಲಭ್ಯ) ಇರುವುದನ್ನು ನೋಡುವುದು ಒಳ್ಳೆಯದು.