ಹುಬ್ಬಳ್ಳಿಯಿಂದ ದುಬೈಗೆ ಹೂರಣದ ಹೋಳಿಗೆ: ಫ್ರೋಜನ್ ಏರ್ ಕಾರ್ಗೊ ಮೂರು ವರ್ಷ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ವಿಮಾನ ಹಾರುವಾಗ ನಮ್ಮ ಮಾಲು ಒಮ್ಮೆಯೂ ಕೆಟ್ಟಿಲ್ಲ. ಕೆಟ್ಟದ್ದೆಲ್ಲ ನೆಲದ ಮೇಲೆ.

ವಿದ್ಯಾನಗರದಲ್ಲಿ ನಮ್ಮದೊಂದು ಸಣ್ಣ ಅಡುಗೆ ಯೂನಿಟ್ ಇದೆ. ನಾನು, ನಮ್ಮ ವೈನಿ (ಅತ್ತಿಗೆ), ಜತೆಗೆ ಆರು ಜನ ಹೆಣ್ಣುಮಕ್ಕಳು. ಹೂರಣದ ಹೋಳಿಗೆ, ಶೇಂಗಾ ಹೋಳಿಗೆ, ಕಡಕ್ ರೊಟ್ಟಿ, ಮೆಣಸಿನಕಾಯಿ ಸುಗ್ಗಿಯಲ್ಲಿ ಕೆಂಪು ಖಾರ, ಅಂದರೆ ಕೆಂಪು ಮೆಣಸಿನಕಾಯಿ ಚಟ್ನಿ. ನಮ್ಮ ಕಡೆಯವರೇ ಒಬ್ಬರು ದುಬೈನಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದಾರೆ, ಮಾಲು ಅವರಿಗೆ ಹೋಗುತ್ತದೆ. ಶೇಂಗಾ ಹೋಳಿಗೆಗೂ ರೊಟ್ಟಿಗೂ ಫ್ರಿಜ್ಜಿನ ಹಂಗಿಲ್ಲ. ಕಡಲೆಬೇಳೆ ಹೂರಣ ಮಾತ್ರ ಹೊರಗಿಟ್ಟರೆ ಎರಡನೇ ದಿನಕ್ಕೇ ಹಳಸುತ್ತದೆ. ಹಾಗಾಗಿ ಅದಕ್ಕೆ ಮೈನಸ್ 18 ಡಿಗ್ರಿ.

ದೊಡ್ಡ ಕಂಪನಿಗಳು ಇಂಥ ಮಾಲನ್ನು ಕಂಟೇನರ್‌ಗಟ್ಟಲೆ ಹಡಗಿನಲ್ಲಿ ಕಳಿಸುತ್ತವೆ. ನಮ್ಮದು ಒಂದು ಸಲಕ್ಕೆ ಹತ್ತು-ಹದಿನೈದು ಡಬ್ಬಿ, ಅದೂ ಯುಗಾದಿ, ದೀಪಾವಳಿ ಅಂತ ಹಬ್ಬದ ಮುಂದೆ ಜಾಸ್ತಿ. ವಿಮಾನವೇ ಗತಿ. ಹುಬ್ಬಳ್ಳಿ ವಿಮಾನ ನಿಲ್ದಾಣದಿಂದ ಹೊರದೇಶಕ್ಕೆ ವಿಮಾನ ಇಲ್ಲವಲ್ಲ, ಹಾಗಾಗಿ ರೀಫರ್ ಲಾರಿಯಲ್ಲಿ (ಕೂಲಿಂಗ್ ಇರುವ ಲಾರಿ) ಹಾವೇರಿ, ದಾವಣಗೆರೆ, ಚಿತ್ರದುರ್ಗ, ತುಮಕೂರು ದಾಟಿ ದೇವನಹಳ್ಳಿಯ ಬೆಂಗಳೂರು ವಿಮಾನ ನಿಲ್ದಾಣಕ್ಕೆ ಹೋಗಬೇಕು. 400 ಕಿಲೋಮೀಟರ್‌ಗೂ ಮೇಲೆ, ಒಂದು ಇಡೀ ರಾತ್ರಿ. ಅಲ್ಲಿಂದ ದುಬೈಗೆ ಹಾರಾಟ ಬರೀ ನಾಲ್ಕು ಗಂಟೆ. ಲಾರಿ, ಕಸ್ಟಮ್ಸ್, ಡ್ರೈ ಐಸ್, ವಿಮಾನದ ಜಾಗ ಎಲ್ಲವನ್ನೂ ಬೆಂಗಳೂರಿನ ಒಬ್ಬ ಫಾರ್ವರ್ಡರ್, ಅಂದರೆ ಸರಕು ಸಾಗಣೆ ಏಜೆಂಟ್, ನೋಡಿಕೊಳ್ಳುತ್ತಾರೆ. ಹೆಸರು ಬರೆಯುವುದಿಲ್ಲ. ನಡುವೆ ಇನ್ನಿಬ್ಬರ ಹತ್ತಿರವೂ ಕಳಿಸಿ ನೋಡಿದ್ದೇನೆ, ಎಲ್ಲರ ರಗಳೆಯೂ ಒಂದೇ ತರಹ.

ಮೊದಲ ವರ್ಷ ನಾನು ರೊಕ್ಕ ಕಳೆದದ್ದು ತೂಕದ ಲೆಕ್ಕ ಗೊತ್ತಿಲ್ಲದೆ. ಏರ್ ಕಾರ್ಗೊದಲ್ಲಿ ಡಬ್ಬಿಯ ಉದ್ದ, ಅಗಲ, ಎತ್ತರ ಸೆಂಟಿಮೀಟರಿನಲ್ಲಿ ಗುಣಿಸಿ 6000ದಿಂದ ಭಾಗಿಸುತ್ತಾರೆ. ಅದು ಮತ್ತು ತಕ್ಕಡಿಯ ತೂಕ, ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ಬಾಡಿಗೆ. ಕಡಕ್ ರೊಟ್ಟಿಯ ಡಬ್ಬಿ 60, 60, 40. ತೂಗಿದರೆ 9 ಕೆಜಿ, ಬಿಲ್ಲಿನಲ್ಲಿ 24 ಕೆಜಿ! ರೊಟ್ಟಿಯ ನಡುವಿನ ಗಾಳಿಗೆ ಬಾಡಿಗೆ ಕಟ್ಟಿದ ಹಾಗೆ. ಹೋಳಿಗೆಯದ್ದು ಉಲ್ಟಾ. ಥರ್ಮೊಕೋಲ್ ಡಬ್ಬಿ 50, 40, 40, ಅಂದರೆ ಲೆಕ್ಕದ ತೂಕ 13 ಕೆಜಿ ಚಿಲ್ಲರೆ. ಆದರೆ ಒಳಗೆ 12 ಕೆಜಿ ಹೋಳಿಗೆ, 5 ಕೆಜಿ ಡ್ರೈ ಐಸ್, ಮೇಲೆ ಡಬ್ಬಿಯ ತೂಕ ಬೇರೆ. ಆ ಐದು ಕೆಜಿ ಅಲ್ಲಿಗೆ ಮುಟ್ಟುವಷ್ಟರಲ್ಲಿ ಹೆಚ್ಚುಕಡಿಮೆ ಆವಿಯಾಗಿ ಹೋಗಿರುತ್ತದೆ. ಬಾಡಿಗೆ ಮಾತ್ರ ಪೂರ್ತಿ. ಈಗ ರೊಟ್ಟಿಯನ್ನು ಏರ್ ಕಾರ್ಗೊದಲ್ಲಿ ಕಳಿಸುವುದನ್ನೇ ಬಿಟ್ಟಿದ್ದೇನೆ.

ಡ್ರೈ ಐಸ್ ಅಂದರೆ ಗಟ್ಟಿಯಾದ ಕಾರ್ಬನ್ ಡೈಆಕ್ಸೈಡ್, ಮೈನಸ್ 78 ಡಿಗ್ರಿ. ನೀರಾಗುವುದಿಲ್ಲ, ನೇರ ಗಾಳಿಯಾಗುತ್ತದೆ. ಡಬ್ಬಿಗೆ ಸಂದಿಲ್ಲದಂತೆ ಟೇಪ್ ಸುತ್ತಿದರೆ ಆ ಗಾಳಿ ಒಳಗೇ ತುಂಬಿ ಡಬ್ಬಿ ಒಡೆಯುತ್ತದೆ, ಉಸಿರಾಡಲು ದಾರಿ ಬಿಡಲೇಬೇಕು. ವಿಮಾನದವರ ಪಾಲಿಗೆ ಇದು ಅಪಾಯದ ಸರಕು. ಡಬ್ಬಿಯ ಮೇಲೆ ಯುಎನ್ 1845 ಅನ್ನುವ ಡ್ರೈ ಐಸಿನ ಗುರುತು ಸಂಖ್ಯೆ, ಒಂಬತ್ತನೇ ದರ್ಜೆಯ ಲೇಬಲ್, ಎಷ್ಟು ಕೆಜಿ ಡ್ರೈ ಐಸ್ ಇದೆ ಅನ್ನುವುದು, ಮೂರೂ ಇರಬೇಕು. ಒಮ್ಮೆ ಡಬ್ಬಿಯ ಮೇಲೆ 5 ಅಂತಲೂ ಏರ್‌ವೇ ಬಿಲ್ಲಿನಲ್ಲಿ (ವಿಮಾನ ಸರಕಿನ ರಸೀದಿಯಲ್ಲಿ) 4 ಅಂತಲೂ ಬಿತ್ತು. ಮಾಲನ್ನು ಕೌಂಟರಿನಿಂದಲೇ ತಿರುಗಿ ಕಳಿಸಿದರು. ಆ ವಿಮಾನ ತಪ್ಪಿತು, ಡಬ್ಬಿಗಳು ಒಂದು ದಿನ ಪೂರ್ತಿ ಅಲ್ಲೇ ಕೂತವು, ಮತ್ತೆ ಐಸ್ ತುಂಬಿಸಿದ ಖರ್ಚು ನನ್ನ ಬಿಲ್ಲಿಗೇ ಬಂತು. ತಪ್ಪು ಬರೆದವರು ಫಾರ್ವರ್ಡರ್! ವಾದ ಮಾಡಿ ಅರ್ಧ ವಾಪಸ್ ತೆಗೆದುಕೊಂಡೆ.

ಇನ್ನು ನಿಜವಾದ ಕಥೆ. ನಮ್ಮ ವೈನಿಯದ್ದೊಂದು ಉಪಾಯ ಇತ್ತು. ಸಣ್ಣ ಪ್ಲಾಸ್ಟಿಕ್ ಕಪ್ಪಿನಲ್ಲಿ ನೀರು ಗಟ್ಟಿ ಮಾಡಿ, ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟು, ಪ್ರತಿ ಡಬ್ಬಿಯಲ್ಲೂ ಒಂದು ಕಪ್. ದಾರಿಯಲ್ಲಿ ಕರಗಿ ಮತ್ತೆ ಗಟ್ಟಿಯಾಗಿದ್ದರೆ ನಾಣ್ಯ ತಳಕ್ಕೆ ಹೋಗಿರುತ್ತದೆ. ಅಂಗಡಿಯವರು ಡಬ್ಬಿ ತೆರೆದ ಕೂಡಲೇ ವಾಟ್ಸಾಪಿನಲ್ಲಿ ಫೋಟೊ ಹಾಕುತ್ತಿದ್ದರು. ವರ್ಷಗಟ್ಟಲೆ ನಾಣ್ಯ ಮೇಲೆಯೇ. ನಾವು ಆರಾಮ. ಆಮೇಲೆ ಒಂದು ಮೇ ತಿಂಗಳಲ್ಲಿ ಫೋನ್ ಬಂತು: "ಅಕ್ಕಾರ, ರೂಪಾಯಿ ಮ್ಯಾಲೇ ಐತ್ರಿ. ಆದ್ರ ಹೋಳಿಗಿ ಒಂದಕ್ಕೊಂದು ಹತ್ಕೊಂಡಾವ್ರಿ."

ಆಗಲೇ ತಲೆಗೆ ಹೊಳೆದದ್ದು. ಬರೀ ನೀರು ಸೊನ್ನೆ ಡಿಗ್ರಿಯವರೆಗೂ ಗಟ್ಟಿ ಇರುತ್ತದೆ. ಬೆಲ್ಲ ಬಿದ್ದ ಹೂರಣ ಅದಕ್ಕಿಂತ ಎಷ್ಟೋ ಮೊದಲೇ ಮೆತ್ತಗಾಗುತ್ತದೆ. ನಾಣ್ಯ ಸುಳ್ಳು ಹೇಳಿರಲಿಲ್ಲ, ನಾವು ಕೇಳಿದ ಪ್ರಶ್ನೆಯೇ ತಪ್ಪು. ಮುಂದಿನ ಲೋಡಿಗೆ ಟೆಂಪರೇಚರ್ ಲಾಗರ್ ಹಾಕಿದೆ. ಪೆನ್‌ಡ್ರೈವಿನಷ್ಟು ಇರುತ್ತದೆ, ಹತ್ತು ನಿಮಿಷಕ್ಕೊಮ್ಮೆ ಬರೆದುಕೊಳ್ಳುತ್ತದೆ, ಕಂಪ್ಯೂಟರಿಗೆ ಚುಚ್ಚಿದರೆ ಗೆರೆ ಬರುತ್ತದೆ. ಗೆರೆ ನೋಡಿದರೆ ಎರಡು ಗುಡ್ಡ. ಒಂದು ರಾತ್ರಿ ಎರಡು ಗಂಟೆಯಿಂದ, ಮೈನಸ್ 20ರಿಂದ ಮೈನಸ್ 11ಕ್ಕೆ. ಲಾರಿಯವನನ್ನು ಕೇಳಿದೆ. ಧಾಬಾದಲ್ಲಿ ಮಲಗಿದ್ದನಂತೆ, ಡೀಸೆಲ್ ಉಳಿಸಲು ಕೂಲಿಂಗ್ ಬಂದ್ ಮಾಡಿದ್ದನಂತೆ. "ಬಾಗಲಾ ಹಾಕೇ ಇತ್ತಲ್ರೀ ಅಕ್ಕಾರ, ಥಂಡಿ ಎಲ್ಲಿ ಹೋಗ್ತೈತಿ?" ಎರಡನೇ ಗುಡ್ಡ ದುಬೈನಲ್ಲಿ ಇಳಿದ ಮೇಲೆ. ಐಸ್ ಮುಗಿದಿದೆ, ಕಸ್ಟಮ್ಸ್ ಕಾಗದ ಮುಗಿದಿಲ್ಲ. ಮೈನಸ್ 4ರವರೆಗೆ ಏರಿತ್ತು. ನಡುವೆ ಹಾರಾಟದ ಹೊತ್ತಿನಲ್ಲಿ ಗೆರೆ ಹಾಸಿಗೆಯಂತೆ ಸಪಾಟು.

ಆಮೇಲೆ ಮಾಡಿದ ಬದಲಾವಣೆಗಳಿಂದ ತುಂಬ ಸುಧಾರಿಸಿತು. ಲಾರಿಯ ಬಾಡಿಗೆ ಕೊಡುವುದು ಲಾಗರಿನ ಗೆರೆ ನೋಡಿದ ಮೇಲೆ ಅಂತ ಮೊದಲೇ ಬರೆಸಿಕೊಂಡೆ. ಮಾಲು ಹೊರಡುವುದು ಭಾನುವಾರ ರಾತ್ರಿ, ಗುರುವಾರ ಸುತಾರಾಂ ಬೇಡ. ಯುಎಇಯಲ್ಲಿ 2022ರಿಂದ ಸರ್ಕಾರಿ ಕಚೇರಿಗಳಿಗೆ ಶನಿವಾರ, ಭಾನುವಾರ ರಜೆ, ಶುಕ್ರವಾರ ಅರ್ಧ ದಿನ. ಶುಕ್ರವಾರ ಮಧ್ಯಾಹ್ನ ಇಳಿದ ಡಬ್ಬಿಯ ಪಾಡು ನೀವೇ ಊಹಿಸಿಕೊಳ್ಳಿ. ಇನ್ನೊಂದು, ಏರ್‌ವೇ ಬಿಲ್ಲಿನಲ್ಲಿ ಸುಮ್ನೆ 'ಪಿಇಆರ್' ಅಂದರೆ ಬೇಗ ಕೆಡುವ ಮಾಲು ಅಂತಷ್ಟೇ ಅರ್ಥ. ಫ್ರೋಜನ್ ಮಾಲಿಗೆ 'ಎಫ್‌ಆರ್‌ಒ', ತಂಪು ಮಾಲಿಗೆ 'ಸಿಒಎಲ್' ಅಂತ ಬರೆಸಬೇಕು. ಒಂದೂವರೆ ವರ್ಷ ನನಗೆ ಇದನ್ನು ಯಾರೂ ಹೇಳಲಿಲ್ಲ.

ಕೆಂಪು ಖಾರ ಕಳಿಸುವುದು ಸಲೀಸು. 2ರಿಂದ 8 ಡಿಗ್ರಿ, ಜೆಲ್ ಪ್ಯಾಕ್ ಸಾಕು. ಒಮ್ಮೆ ಜಾಗ ಉಳಿಯಿತೆಂದು ನಾಲ್ಕು ಗಾಜಿನ ಬಾಟಲಿಗಳನ್ನು ಹೋಳಿಗೆ ಡಬ್ಬಿಯಲ್ಲೇ ಡ್ರೈ ಐಸ್ ಪಕ್ಕ ತುರುಕಿದೆ. ಮೂರು ಸೀಳಿದವು. ಹೋಳಿಗೆಗೆ ಖಾರ ಹಚ್ಚಿ ತಿನ್ನುವವರು ದುಬೈನಲ್ಲೂ ಸಿಗಲಿಲ್ಲ.

ಕಾಗದಪತ್ರ ಇಷ್ಟು ಬೇಕು: ರಫ್ತಿಗೆ ಐಇಸಿ ನಂಬರ್, ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ಲೈಸೆನ್ಸ್, ಪ್ಯಾಕೆಟ್ಟಿನ ಮೇಲೆ ಅರಬ್ಬಿ ಲೇಬಲ್. ಹಾಲಿನ ಪದಾರ್ಥ ಸೇರಿದರೆ ಆರೋಗ್ಯ ಪ್ರಮಾಣಪತ್ರದ ಗೋಜು ಬೇರೆ, ಹಾಗಾಗಿ ನಮ್ಮದು ತುಪ್ಪ ಇಲ್ಲದ ಎಣ್ಣೆ ಹೋಳಿಗೆ. ಧಾರವಾಡ ಪೇಢಾ ಕಳಿಸಿ ಅಂತ ತಿಂಗಳಿಗೊಬ್ಬರು ಕೇಳುತ್ತಾರೆ. ಇದೇ ಕಾರಣಕ್ಕೆ ಒಲ್ಲೆ ಅಂದಿದ್ದೇನೆ.

ಪರಿಹಾರದ ವಿಷಯದಲ್ಲಿ ಸ್ವಲ್ಪ ಹುಷಾರು. ವಿಮಾನ ಸಾಗಣೆಯ ಅಂತಾರಾಷ್ಟ್ರೀಯ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಮಾಲು ಕೈಗೆ ಬಂದ 14 ದಿನದೊಳಗೆ ಬರಹದಲ್ಲಿ ದೂರು ಕೊಡಬೇಕು. ಫೋನಿನಲ್ಲಿ ಕೂಗಾಡಿದ್ದು ಲೆಕ್ಕಕ್ಕಿಲ್ಲ. ಪರಿಹಾರ ಕೆಜಿ ಲೆಕ್ಕದಲ್ಲಿ, ಅದಕ್ಕೂ ಮಿತಿ ಇದೆ. ಮಾಲಿನ ಸ್ವಭಾವವೇ ಕೆಡುವುದು ಅಂತ ವಿಮಾನದವರು ಜಾರಿಕೊಳ್ಳಲೂಬಹುದು. ಆ ಮೇ ತಿಂಗಳ ಲೋಡಿಗೆ ನನ್ನ ಕೈಯಲ್ಲಿ ಇದ್ದದ್ದು ನಾಣ್ಯದ ಫೋಟೊ ಮಾತ್ರ. ನಯಾಪೈಸೆ ಸಿಗಲಿಲ್ಲ. ಈಗ ಪ್ರತಿ ಲೋಡಿಗೂ ಪ್ರತ್ಯೇಕ ವಿಮೆ ಮಾಡಿಸುತ್ತೇನೆ, ಲಾಗರಿನ ಗೆರೆ ತೆಗೆದಿಡುತ್ತೇನೆ.

ಅಂಕ ಕೇಳಿದರೆ, ತಂಪು ಮಾಲಿಗೆ ಐದಕ್ಕೆ ನಾಲ್ಕು, ಫ್ರೋಜನ್‌ಗೆ ಮೂರು. ಖರ್ಚಿನಲ್ಲಿ ಅರ್ಧಕ್ಕಿಂತ ಜಾಸ್ತಿ ಸಾಗಣೆಗೇ ಹೋಗುತ್ತದೆ. ಇಪ್ಪತ್ತು ಕೆಜಿ, ಮೂವತ್ತು ಕೆಜಿ ಕಳಿಸುವವರಿಗೆ ಇದು ಹೊಂದುವುದಿಲ್ಲ. ಅಲ್ಲಿ ಖಾತ್ರಿ ಗಿರಾಕಿ ಇದ್ದು, ಹಬ್ಬದ ದರ ಸಿಗುವುದಾದರೆ ಮಾತ್ರ ನೋಡಿ.

ಈ ದೀಪಾವಳಿ ಲೋಡಿಗೆ ಎರಡು ಲಾಗರ್ ಹಾಕುತ್ತೇನೆ, ಡ್ರೈ ಐಸ್ ಇರುವ ಮೇಲಿನ ಪದರಕ್ಕೊಂದು, ತಳದ ಮೂಲೆಗೊಂದು. ವೈನಿ ಈಗಲೂ ಕಪ್ಪಿನಲ್ಲಿ ನೀರು ಗಟ್ಟಿ ಮಾಡುತ್ತಾರೆ. ಬರೀ ನೀರಲ್ಲ, ಬೆಲ್ಲದ ನೀರು.